ದೊಡ್ಡ ಟೈರು, ಸೋತ ಗೇರು

ಔರಾದ ಕಡೆಯ ಹಳ್ಳಿಗಳಿಗೆ ಹಳೆಯ ಜೀಪನ್ನು ತಾವೇ ಓಡಿಸಿಕೊಂಡು ಹೋಗುವ ನರ್ಸ್ ನವೊಮಿ ಯಾರನ್ನೂ ಸುಲಭವಾಗಿ ನಂಬುವವರಲ್ಲ. ಆದರೂ ನೌಬಾದದ ಮೆಕ್ಯಾನಿಕ್ ಅಮಿತಕುಮಾರನ ಮಾತು ಕೇಳಿ, ಕೆಸರಿನಲ್ಲಿ ಸಿಕ್ಕಿಕೊಳ್ಳದಿರಲೆಂದು ದೊಡ್ಡ ಟೈರು ಹಾಕಿಸಿದರು. ಮರುದಿನದಿಂದಲೇ ಜೀಪು ಏರಿನಲ್ಲಿ ಏದುಸಿರು ಬಿಡತೊಡಗಿತು.

"ಇಂಜಿನ್ ಮುದಿ ಆಗ್ಯಾದ್ರಿ ಸಿಸ್ಟರ್, ಬಿಚ್ಚಬೇಕಾಗ್ತದ," ಎಂದ ಅಮಿತಕುಮಾರ, ಜೀಪನ್ನು ಗ್ಯಾರೇಜಿಗೆ ಒಯ್ದಾಗ.

ಮೊನ್ನೆ ಚೆನ್ನಾಗಿದ್ದ ಇಂಜಿನ್ ಇವತ್ತು ಹೇಗೆ ಮುದಿಯಾಯಿತು? ನವೊಮಿಗೆ ಅನುಮಾನ ಬಂತು. ಭಾಲ್ಕಿ ರಸ್ತೆಯಲ್ಲಿ ಕಿಲೋಮೀಟರ್ ಕಲ್ಲು ನೋಡುತ್ತ ಹೋದರು. ಕಲ್ಲಿನ ಲೆಕ್ಕದಲ್ಲಿ ಹತ್ತು ಕಿಲೋಮೀಟರ್ ದಾಟಿದರೂ ಜೀಪಿನ ಮೀಟರು ಒಂಬತ್ತನ್ನೇ ತೋರಿಸಿತು. ಮೀಟರು ಎಣಿಸುವುದು ಚಕ್ರದ ಸುತ್ತುಗಳನ್ನು; ದೊಡ್ಡ ಚಕ್ರ ಒಂದೊಂದು ಸುತ್ತಿಗೂ ಹೆಚ್ಚು ದೂರ ಉರುಳುತ್ತಿದೆ, ಹಳೆಯ ಗೇರಿಗೆ ಅಷ್ಟು ಎಳೆಯುವ ಬಲವಿಲ್ಲ ಎಂದು ಅವರಿಗೆ ಹೊಳೆಯಿತು. ನೇರವಾಗಿ ಗ್ಯಾರೇಜಿಗೆ ತಿರುಗಿಸಿದರು.

"ಇಂಜಿನ್ ಮುಟ್ಟಬ್ಯಾಡ. ಮೊದಲಿನ ಸೈಜಿನ ಟೈರು ಹಾಕು."

"ದೊಡ್ಡ ಟೈರಿಗೆ ತಕ್ಕಂಗ ಗೇರ್ ಬದಲಿ ಮಾಡಿದ್ರೂ ನಡೀತದ್ರಿ," ಎಂದ ಅಮಿತಕುಮಾರ, ಮೆಲ್ಲಗೆ.

"ಹಂಗಾರ ನಿನಗ ಮೊದಲೇ ಗೊತ್ತಿತ್ತು! ಇಂಜಿನ್ ಬಿಚ್ಚಬೇಕು ಅಂತ ಯಾಕ ಅಂದಿ?"

ಅವನು ಜಾಕ್ ತಂದು ಜೀಪಿನ ಕೆಳಗಿಟ್ಟ. ನಾಲ್ಕೂ ಟೈರು ಬದಲಾಗುವವರೆಗೆ ನವೊಮಿ ಪಕ್ಕದಲ್ಲೇ ನಿಂತಿದ್ದರು. ಜೀಪು ಮತ್ತೆ ಹಗುರಾಗಿ ಏರು ಹತ್ತಿತು. ಅವರು ಮಾತ್ರ ಆ ಗ್ಯಾರೇಜಿನತ್ತ ಮತ್ತೆ ಹೋಗಲಿಲ್ಲ.