ಕೊನೆಯ ಡಬ್ಬಿಯ ನೀರು

ಹಸಿ ಗೋಣಿತಟ್ಟಿನ ವಾಸನೆಯನ್ನು ಒಳ್ಳೆಯ ವಾಸನೆ ಎಂದು ಯಾರೂ ಹೇಳಲಿಕ್ಕಿಲ್ಲ. ನೆನೆದ ಸೆಣಬು, ಸ್ವಲ್ಪ ಮಣ್ಣು, ಸ್ವಲ್ಪ ಹಳೆಯ ಜೋಳ. ಬೀದರಿನ ಮೈಲೂರಿನಲ್ಲಿರುವ ನಮ್ಮ ಮನೆಯಲ್ಲಿ ಬೇಸಿಗೆ ಬಂತೆಂದರೆ ನನ್ನ ಹೆಂಡತಿ ರಾಂಜಣಕ್ಕೆ, ಅಂದರೆ ನೀರಿನ ದೊಡ್ಡ ಮಣ್ಣಿನ ಗಡಿಗೆಗೆ, ಗೋಣಿ ಸುತ್ತಿ ದಿನಕ್ಕೆರಡು ಸಲ ನೀರು ಚಿಮುಕಿಸುತ್ತಾಳೆ. ಫ್ರಿಜ್ಜು ಇದೆ, ಆದರೆ ಅವಳ ಪಾಲಿಗೆ ಅದು ಮೊಸರು ಇಡುವ ಕಪಾಟು. ಈ ವಾಸನೆ ಬಂದಾಗಲೆಲ್ಲ ನಾನು ಏನಾದರೊಂದು ನೆಪ ಮಾಡಿ ಹೊರಗೆ ಹೋಗಿಬಿಡುತ್ತೇನೆ. ಮೊನ್ನೆ ಹೋಗಲಾಗಲಿಲ್ಲ, ಮನೆಗೆ ಸುಜಾತಾ ಬಂದಿದ್ದಳು.

ಸುಜಾತಾ ಹಿಂದೊಮ್ಮೆ ಭಾಲ್ಕಿಯ ಕಾಲೇಜಿನಲ್ಲಿ ನನ್ನ ಶಿಷ್ಯೆ. ಈಗ ಬ್ಯಾಂಕಿನಲ್ಲಿ ಮ್ಯಾನೇಜರು, ಮೇಲಾಗಿ ಬೀದರಿನ ಒಂದು ಸೇವಾ ಕ್ಲಬ್ಬಿಗೆ ಈ ವರ್ಷದ ಅಧ್ಯಕ್ಷೆ. ಆಹ್ವಾನಪತ್ರಿಕೆ ಮೇಜಿನ ಮೇಲಿಟ್ಟು ಅವಳು ನೇರ ವಿಷಯಕ್ಕೆ ಬಂದಳು.

"ಸರ್, ವಾಲಂಟಿಯರ್ ಮಂದಿಗಿ ಹುರುಪು ಹ್ಯಾಂಗ ತುಂಬಬೇಕು ಅಂತ ಒಂದರ್ಧ ತಾಸು ಮಾತಾಡಬೇಕ್ರಿ. ಮೊದಲ ನಲವತ್ತು ಮಂದಿ ಬರ್ತಿದ್ರು, ಈಗ ಆರು ಮಂದಿ ಬರ್ಲತ್ತಾರ. ಮೊಬೈಲನಾಗ ಪಾಯಿಂಟ್ ಸುರು ಮಾಡೀನಿ, ಆದ್ರೂ ಆಗ್ವಲ್ತು."

ಪಾಯಿಂಟಿನ ಪಟ್ಟಿ ತೋರಿಸಿದಳು. ಒಂದು ಸಸಿ ನೆಟ್ಟರೆ ಇಷ್ಟು, ಫೋಟೊ ಹಾಕಿದರೆ ಇಷ್ಟು. ಮೇಲಿನ ಹೆಸರುಗಳು ಹಸಿರು, ಎಲ್ಲಕ್ಕಿಂತ ಕೆಳಗಿನದು ಕೆಂಪು. ಕೆಳಗೆ ಇರುವವರು ಯಾರು ಎಂದೆ.

"ಅವರಾ? ಒಬ್ರು ಅಂಕಲ್ ಅದಾರ್ರಿ. ಎಲ್ಲಾದಕ್ಕೂ ಬರ್ತಾರ, ಖರೇ ಪಾಯಿಂಟ್ ಆಗಂಗಿಲ್ಲ."

ನೀವು ಅಲ್ಲಿದ್ದಿದ್ದರೆ ನನ್ನ ಮುಖ ಯಾಕೆ ಹಾಗಾಯಿತೆಂದು ಕೇಳುತ್ತಿದ್ದಿರಿ. ಸುಜಾತಾ ಕೇಳಲಿಲ್ಲ, ಮೇಷ್ಟ್ರ ಮುಖ ಹಾಗೇ ಇರುತ್ತದೆ ಎಂದುಕೊಂಡಿರಬೇಕು. ಯಾರಿಗೂ ಹೇಳದೆ ಇಷ್ಟು ವರ್ಷ ಇಟ್ಟುಕೊಂಡದ್ದನ್ನು ಅವಳಿಗೆ ಹೇಳಿದೆ. ನಿಮಗೂ ಹೇಳುತ್ತೇನೆ.

ಆಗ ನಾನು ಭಾಲ್ಕಿಯಲ್ಲಿ ಕಾಮರ್ಸ್ ಕಲಿಸುತ್ತಿದ್ದೆ. ಪುಸ್ತಕದಲ್ಲಿ 'ಪ್ರೇರಣೆ' ಎಂಬ ಒಂದು ಅಧ್ಯಾಯವಿತ್ತು. ಅದನ್ನು ಪ್ರತಿ ವರ್ಷ ಕಲಿಸಿ ಕಲಿಸಿ, ಮನುಷ್ಯರನ್ನು ಹುರಿದುಂಬಿಸುವ ವಿದ್ಯೆ ನನಗೆ ಕರತಲಾಮಲಕ ಎಂಬ ಭ್ರಮೆ ಹುಟ್ಟಿತ್ತು. ಹೀಗಿರುವಾಗ ನನ್ನನ್ನು ಊರಿನ ಸೇವಾ ಕ್ಲಬ್ಬಿನ ಅಧ್ಯಕ್ಷನನ್ನಾಗಿ ಮಾಡಿದರು. ಬೇರೆ ಯಾರೂ ಒಪ್ಪಿರಲಿಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು.

ಸತತ ಎರಡನೆಯ ವರ್ಷ ಮಳೆ ಕೈಕೊಟ್ಟಿತ್ತು. ಔರಾದ ಸೀಮೆಯ ಹಳ್ಳಿಗಳಿಂದ ಮಂದಿ ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದಿಗೆ ಹೊರಟಿದ್ದರು. ಮಧ್ಯಾಹ್ನದ ರೈಲು ಉದಗೀರ, ಕಮಲನಗರದ ಕಡೆಯಿಂದ ತುಂಬಿಕೊಂಡೇ ಬರುತ್ತಿತ್ತು. ಸ್ಟೇಷನ್ನುಗಳ ನಳಗಳು ಒಣಗಿದ್ದವು. ಭಾಲ್ಕಿಯಲ್ಲಿ ರೈಲು ನಿಲ್ಲುವುದು ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ಕಿಟಕಿ ಕಿಟಕಿಗೆ ಓಡಿ ನೀರು ತುಂಬಿಕೊಡುವುದು ನಮ್ಮ ಕ್ಲಬ್ಬಿನ ಸೇವೆ. ಗೋಣಿ ಸುತ್ತಿದ ನಾಲ್ಕು ಡ್ರಮ್ಮು, ಉದ್ದ ಮೂತಿಯ ಕೆಟಲಿಗಳು, ತೋಳಿಗೆ ಹಳದಿ ಪಟ್ಟಿ. ನನ್ನ ಕೊರಳಲ್ಲಿ ಒಂದು ಸೀಟಿ.

ಪಟ್ಟಿಗಳನ್ನೆಲ್ಲ ಹೊಲಿದುಕೊಟ್ಟವನು ಮಾಣಿಕಪ್ಪ. ಎಕಂಬಾದ ದರ್ಜಿ. ಊರಲ್ಲಿ ಮದುವೆಗಳು ನಿಂತುಹೋಗಿ ಕೆಲಸವಿಲ್ಲದೆ, ಮಷಿನ್ ಹೊತ್ತು ತಂದು ಭಾಲ್ಕಿಯ ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ. ಪಟ್ಟಿ ಕೊಡಲು ಸ್ಟೇಷನ್ನಿಗೆ ಬಂದವನು ರೈಲು ಬಂದದ್ದೇ ಒಂದು ಕೆಟಲಿ ಎತ್ತಿಕೊಂಡು ಓಡಿದ. ಮರುದಿನವೂ ಬಂದ. ಆಮೇಲೆ ದಿನಾ ಬಂದ. ಪ್ಲಾಟ್‌ಫಾರ್ಮಿನ ನಡುವೆ ಬೇವಿನಮರದ ನೆರಳಿತ್ತು, ರಿಸರ್ವೇಶನ್ ಡಬ್ಬಿಗಳು ಅಲ್ಲೇ ನಿಲ್ಲುತ್ತಿದ್ದವು, ನಾವೆಲ್ಲ ಅಲ್ಲೇ ಇರುತ್ತಿದ್ದೆವು. ಜನರಲ್ ಡಬ್ಬಿ ಎಲ್ಲಕ್ಕೂ ಕೊನೆಗೆ, ಬಿಸಿಲಲ್ಲಿ, ಕಲ್ಲುಜಲ್ಲಿಯ ಮೇಲೆ. ಮಾಣಿಕಪ್ಪ ಅಲ್ಲಿಗೆ ಹೋಗಿ ನಿಂತ. ಹೋಗೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಬಿಸಿಲು ಏರಿದಂತೆ ನಮ್ಮವರು ಕಡಿಮೆಯಾದರು. ಇಪ್ಪತ್ತು ಇದ್ದದ್ದು ಹನ್ನೆರಡಾಯಿತು, ಐದಾಯಿತು. ಸೇವೆ ನಿಂತೇಹೋಗುತ್ತದೆಂದು ನನಗೆ ದಿಗಿಲು. ಆಗ ನನ್ನ ಅಧ್ಯಾಯ ನೆನಪಾಯಿತು ನೋಡಿ. ಯಾರು ವಾರದಲ್ಲಿ ಅತಿ ಹೆಚ್ಚು ಬಾಟಲಿ ತುಂಬುತ್ತಾರೋ ಅವರಿಗೆ 'ವಾರದ ಸೇವಕ' ಬಿರುದು, ಒಂದು ಶಾಲು, ಕ್ಲಬ್ಬಿನ ಗೋಡೆಯ ಮೇಲೆ ಫೋಟೊ. ನಾನು ಕೆಟಲಿ ಕೆಳಗಿಟ್ಟು ವಹಿ ಹಿಡಿದೆ, ಬಾಟಲಿ ಎಣಿಸಲಿಕ್ಕೆ.

ಕೆಲಸ ಮಾಡಿತು, ಸುಳ್ಳು ಹೇಳುವುದಿಲ್ಲ. ಒಂದೇ ವಾರದಲ್ಲಿ ಹದಿನೈದು ಮಂದಿ ವಾಪಸ್ಸು ಬಂದರು. ಕಿರಾಣಿ ಅಂಗಡಿಯ ವೀರಶೆಟ್ಟಿ, ಮನೆಯಲ್ಲಿ ತಾನು ಕುಡಿಯುವ ನೀರನ್ನೂ ಹೆಂಡತಿ ಕೈಯಲ್ಲಿ ತರಿಸುವವ, ಬಾಟಲಿಗಳಿಗಾಗಿ ಜಿಂಕೆಯ ಹಾಗೆ ಓಡತೊಡಗಿದ. ಒಟ್ಟು ಸಂಖ್ಯೆ ದಿನದಿನಕ್ಕೆ ಏರಿತು. ಅದನ್ನು ನಾನು ಜಿಲ್ಲಾ ಶಾಖೆಗೆ ಬರೆದು ಕಳಿಸಿದೆ. ಅಲ್ಲಿಂದ ಮೆಚ್ಚುಗೆಯ ಪತ್ರ ಬಂತು, ಅದಕ್ಕೆ ಚೌಕಟ್ಟು ಹಾಕಿಸಿದೆ.

ವಾರದ ಕೊನೆಗೆ ಸಭೆಯಲ್ಲಿ ಪಟ್ಟಿ ಓದಿದೆ. ಮೇಲೆ ವೀರಶೆಟ್ಟಿ. ಎಲ್ಲಕ್ಕೂ ಕೆಳಗೆ ಮಾಣಿಕಪ್ಪ. ಅವನ ಡಬ್ಬಿಯಲ್ಲಿ ಬಾಟಲಿ ಇದ್ದವರು ಯಾರು? ಕೊಡ, ಕ್ಯಾನು, ಎಣ್ಣೆಯ ಡಬ್ಬ. ಒಂದು ಕೊಡ ತುಂಬಲು ಎರಡು ಕೆಟಲಿ ಬೇಕು, ನನ್ನ ವಹಿಯಲ್ಲಿ ಅದು ಒಂದೇ ಗೀಟು. "ಮಾಣಿಕಪ್ಪ, ಮಷಿನ್ ಮ್ಯಾಲ ಓಡೋ ಕಾಲು ಪ್ಲಾಟ್‌ಫಾರ್ಮ್ ಮ್ಯಾಲ ಯಾಕ ಓಡ್ವಲ್ದು?" ಎಂದು ನಗೆಚಾಟಿಕೆ ಮಾಡಿದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಮುಂದೆ ಮೂರು ದಿನ ಬಂದ, ನಾಲ್ಕನೆಯ ದಿನದಿಂದ ಬರಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಮಷಿನ್ನೂ ಇರಲಿಲ್ಲ. ಊರಿಗೆ ಹೋಗಿದ್ದಾನೆಂದರು. ನಾನು ಅವನ ಹೆಸರಿಗೆ ಅಡ್ಡಗೆರೆ ಎಳೆದೆ.

ಅವನ ಜಾಗಕ್ಕೆ ಯಾರೂ ಹೋಗಲಿಲ್ಲ. ಯಾಕೆ ಹೋಗುತ್ತಾರೆ, ಅಲ್ಲಿ ನಿಂತರೆ ಪಟ್ಟಿಯಲ್ಲಿ ಕೆಳಗೆ ಬೀಳುವುದು ಖಾತ್ರಿ. ಅಲ್ಲಿ ಯಾರೂ ಇಲ್ಲವೆಂಬುದು ನನಗೆ ಗೊತ್ತೇ ಆಗಲಿಲ್ಲ, ಏಕೆಂದರೆ ಒಟ್ಟು ಸಂಖ್ಯೆ ಏರುತ್ತಲೇ ಇತ್ತು.

ಹತ್ತು ದಿನ ಕಳೆದಿರಬೇಕು. ರೈಲು ಬಂತು, ಸೀಟಿ ಊದಿದೆ, ಓಟ ಸುರುವಾಯಿತು. ಆ ಗದ್ದಲದಲ್ಲಿ ಕೊನೆಯ ಡಬ್ಬಿಯ ಕಡೆಯಿಂದ ಯಾರೋ ನಮ್ಮವರ ಹೆಸರು ಹಿಡಿದು ಕೂಗುವುದು ಕೇಳಿಸಿತು. ಬಾಗಿಲಲ್ಲಿ ಮಾಣಿಕಪ್ಪ ನಿಂತಿದ್ದ, ಕೈಯಲ್ಲಿ ಖಾಲಿ ಕ್ಯಾನು. ಹಿಂದೆ ಕಾಲಿಡಲು ಜಾಗವಿಲ್ಲದಷ್ಟು ಮಂದಿ.

"ಶೆಟ್ರ, ಈ ಕಡಿ ಬರ್ರಿ. ಸರ್, ನಾ ಮಾಣಿಕಪ್ಪ ಇದೀನ್ರಿ. ಇಲ್ಲಿ ಹನಿ ನೀರಿಲ್ರಿ."

ನಾನು ಕೈ ಎತ್ತಿ ಬಂದೆ ಬಂದೆ ಎಂದು ಸನ್ನೆ ಮಾಡಿದೆ. ಸನ್ನೆ ಮಾಡಿ, ವೀರಶೆಟ್ಟಿಯ ಹೆಸರಿನ ಮುಂದೆ ನಾಲ್ಕು ಗೀಟು ಎಳೆದೆ. ಆ ನಾಲ್ಕು ಗೀಟು ಎಳೆಯುವಷ್ಟು ಹೊತ್ತು ಸಾಕಾಯಿತು. ರೈಲು ಅಲುಗಾಡಿತು. ನಾನು ಓಡಿದೆ, ಆದರೆ ಕೈಯಲ್ಲಿದ್ದದ್ದು ವಹಿ. ಡಬ್ಬಿ ನನ್ನೆದುರಿನಿಂದ ಹಾದುಹೋಯಿತು. ಅವನ ಕಾಲ ಬಳಿ ಅವನ ಹೆಂಡತಿ ಹಸುಗೂಸನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಳು, ತುಟಿಗಳು ಬಿರಿದಿದ್ದವು. ಮಾಣಿಕಪ್ಪ ನನ್ನ ಕಡೆ ನೋಡಲಿಲ್ಲ. ಹಿಂದೆ ತಿರುಗಿ ಆ ಮಂದಿಗೆ ಏನೋ ಹೇಳುತ್ತಿದ್ದ.

ನಾಚಿಕೆಗಿಂತ ಮೊದಲು ನನಗೆ ಭಯವಾಯಿತು. ಮುಂದೆ ಬೀದರಿನ ತನಕ ಆ ಡಬ್ಬಿಗೆ ನೀರಿಲ್ಲ, ಬೀದರಿನಲ್ಲಿ ಸಿಕ್ಕೀತೆಂಬ ಭರವಸೆಯೂ ಇಲ್ಲ. ಸ್ಟೇಷನ್ ಮಾಸ್ತರರ ಕೋಣೆಗೆ ನುಗ್ಗಿದೆ. ಅವರು ಗಡಿಯಾರ ನೋಡಿ, "ಮುಂದಿನ ಸ್ಟೇಷನ್ ಹಲಬರ್ಗಾದಾಗ ಕ್ರಾಸಿಂಗ್ ಅದರಿ. ಎದುರಿನ ಗಾಡಿ ಬರೋತನಕ ಇದು ನಿಲ್ಲತದ. ಜಲ್ದಿ ಹೋದ್ರ ಸಿಗಬಹುದು, ಹೇಳಕ್ಕಾಗಲ್ಲ" ಎಂದರು.

ವೀರಶೆಟ್ಟಿಯ ಟೆಂಪೊ ಹೊರಗಿತ್ತು. ಅವನಿಗೆ ಹೇಳಿದ್ದೇ ತಡ, ಡ್ರಮ್ಮಿಗೆ ಕೈ ಹಾಕಿದ. ಎರಡು ಡ್ರಮ್ಮು, ಏಳು ಮಂದಿ. ದಾರಿಯುದ್ದಕ್ಕೂ ನೀರು ತುಳುಕಿ ಗೋಣಿ ನೆನೆಯುತ್ತಿತ್ತು. ನಾವು ಅದೇ ಗೋಣಿಯನ್ನು ಅಪ್ಪಿಕೊಂಡು ಕೂತಿದ್ದೆವು, ಹನಿ ಚೆಲ್ಲದಿರಲೆಂದು. ಅರ್ಧ ದಾರಿಯಲ್ಲಿ ವೀರಶೆಟ್ಟಿ, "ಸರ್, ಅವನು ನನ್ನ ಹೆಸರ ಹಿಡಿದು ಕರದಿದ್ದ. ನಾ ಕೇಳೀನಿ, ಖರೇ ಹೋಗಿಲ್ಲ" ಎಂದ.

ಹಲಬರ್ಗಾದಲ್ಲಿ ರೈಲು ನಿಂತಿತ್ತು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಕೊನೆಯ ಡಬ್ಬಿ ಪ್ಲಾಟ್‌ಫಾರ್ಮ್ ದಾಟಿ ಜಲ್ಲಿಯ ಮೇಲಿತ್ತು, ಕೆಟಲಿಯನ್ನು ತಲೆಯ ಮೇಲಕ್ಕೆತ್ತಿ ಕೊಡಬೇಕು. ಮಾಣಿಕಪ್ಪ ನಮ್ಮನ್ನು ನೋಡಿದ. ಒಳಕ್ಕೆ ತಿರುಗಿ ಜೋರಾಗಿ, "ಹೇಳಿದ್ದಿಲ್ಲಾ, ನಮ್ಮ ಮಂದಿ ಅದಾರಂತ?" ಎಂದ. ಕಮಲನಗರದಲ್ಲಿ ಹತ್ತಿದಾಗಿನಿಂದ ಇಡೀ ಡಬ್ಬಿಗೆ ಅವನು ಹೇಳಿಕೊಂಡು ಬಂದಿದ್ದನಂತೆ: ಭಾಲ್ಕಿಯಾಗ ನಮ್ಮ ಮಂದಿ ಅದಾರ, ನೀರಿನ ಚಿಂತಿ ಬ್ಯಾಡ, ಇದ್ದದ್ದು ಕೂಸುಗಳಿಗಿ ಕುಡಿಸಿಬಿಡ್ರಿ ಅಂತ. ಅವರು ಅವನ ಮಾತು ನಂಬಿ ಕುಡಿಸಿಬಿಟ್ಟಿದ್ದರು. ಇದನ್ನು ಕಿಟಕಿಯಿಂದ ಒಬ್ಬ ಮುದುಕಿ ನನಗೆ ಹೇಳಿದಳು, ಬೈಯುವ ದನಿಯಲ್ಲೇನೂ ಅಲ್ಲ.

ಹೆಂಡತಿಗೆ ಒಂದು ಚರಿಗೆ ನೀರು ಕೊಟ್ಟವನೇ ಮಾಣಿಕಪ್ಪ ಕೆಳಗೆ ಧುಮುಕಿ, ನನ್ನ ಕೈಯ ಕೆಟಲಿ ಕಸಿದುಕೊಂಡು ಪಕ್ಕದ ಡಬ್ಬಿಗೆ ಓಡಿದ. ಎಂಟು ಮಂದಿ ತುಂಬಿದೆವು. ಎದುರಿನ ಗಾಡಿ ಬಂತು, ಹೋಯಿತು. ಸಿಗ್ನಲ್ ಬಿತ್ತು. ಪಕ್ಕದ ಡಬ್ಬಿಯ ಅರ್ಧಕ್ಕೂ ನೀರು ಮುಟ್ಟಿರಲಿಲ್ಲ, ಡ್ರಮ್ಮು ಖಾಲಿ. ಆ ಕಿಟಕಿಗಳಿಂದ ಚಾಚಿದ್ದ ಕೈಗಳು ಹಾಗೆಯೇ ಉಳಿದವು. ಮಾಣಿಕಪ್ಪನ ಹೆಂಡತಿ ಕೂಗುತ್ತಿದ್ದಳು, ಅವನು ಇನ್ನೂ ಕೆಳಗೇ ಇದ್ದ. ನಾನೇ ಅವನನ್ನು ಹಿಡಿದು ಬಾಗಿಲಿಗೆ ತಳ್ಳಿದೆ. ಏನಾದರೂ ಕೊಡಬೇಕೆನಿಸಿತು. ತೋಳಿನ ಹಳದಿ ಪಟ್ಟಿ ಬಿಚ್ಚಿ ಚಾಚಿದೆ. ಅಷ್ಟು ದಿನ ನಮ್ಮೊಡನೆ ಓಡಿದ್ದವನಿಗೆ, ಮೆಂಬರ್ ಅಲ್ಲವೆಂದು, ನಾವು ಒಂದು ಪಟ್ಟಿ ಕೊಟ್ಟಿರಲಿಲ್ಲ.

ಅವನು ಅದನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿದ, ದರ್ಜಿ ನೋಡುವ ಹಾಗೆ. ನಂತರ ವಾಪಸ್ಸು ಕೊಟ್ಟ.

"ಅಂಚು ಬಿಚ್ಚೇದ್ರಿ ಸರ್. ಜರಾ ಹೊಲಿಸ್ಕೊಳ್ರಿ."

ರೈಲು ಹೋಯಿತು.

ಮರುದಿನದಿಂದ ಪಟ್ಟಿ ಓದುವುದು ನಿಂತಿತು. ಕೊನೆಯ ಡಬ್ಬಿಗೆ ನಾನು ನಿಂತೆ, ಅದರ ಪಕ್ಕದ ಡಬ್ಬಿಗೆ ವೀರಶೆಟ್ಟಿ. ಬಂದಿದ್ದ ಹದಿನೈದರಲ್ಲಿ ಒಂಬತ್ತು ಮಂದಿ ಬಿಟ್ಟರು, ಆರು ಮಂದಿ ಮಳೆ ಬರುವತನಕ ಉಳಿದರು. ಮಳೆ ಬಂದ ಮೇಲೆ ಎಕಂಬಾಕ್ಕೆ ಹೋಗಿ ವಿಚಾರಿಸಿದೆ. ಮಾಣಿಕಪ್ಪ ಹೈದರಾಬಾದಿನಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆ ಸೇರಿದ್ದಾನೆ, ಇನ್ನು ಬರಲಿಕ್ಕಿಲ್ಲ ಎಂದರು. ಆ ಹಳದಿ ಪಟ್ಟಿ ನನ್ನ ಟ್ರಂಕಿನಲ್ಲಿದೆ, ಅಂಚು ಬಿಚ್ಚಿದ ಹಾಗೆಯೇ. ಹೊಲಿಯಲೇನು ಎಂದು ಹೆಂಡತಿ ಎಷ್ಟೋ ಸಲ ಕೇಳಿದ್ದಾಳೆ, ಬೇಡವೆಂದಿದ್ದೇನೆ.

ಎಲ್ಲ ಕೇಳಿದ ಸುಜಾತಾ ಮೊಬೈಲ್ ಎತ್ತಿ ಪಟ್ಟಿಯ ಕೆಳಗಿನ ಕೆಂಪು ಹೆಸರಿಗೆ ಕರೆ ಮಾಡಿದಳು. ಆ ಕಡೆಯ ಗಟ್ಟಿ ದನಿ ನನಗೂ ಕೇಳುತ್ತಿತ್ತು.

"ಅಂಕಲ್, ಎಲ್ಲಿದ್ದೀರಿ?"

"ಔರಾದ ಬಸ್‌ಸ್ಟ್ಯಾಂಡಿನಾಗ ಇದೀನಿ ಮೇಡಂ. ನೀರಿನ ಅರವಟ್ಟಿಗಿ ಬಲ್ಲಿ. ಐದು ಮಂದಿ ಕಳಸ್ತೀನಿ ಅಂದಿದ್ರಿ, ಮುಂಜಾನಿಂದ ದಾರಿ ನೋಡ್ಲತ್ತೀನಿ. ಮಂದಿ ಭಾಳ ಅದಾರ, ನನ್ನ ಎರಡು ಕೈ ಸಾಲವಲ್ಲವು."

"ಫೋಟೊ ಯಾಕ ಹಾಕಿಲ್ರಿ ಅಂಕಲ್?"

"ನನ್ನದು ಸಾದಾ ಫೋನ್ ಅದ ಮೇಡಂ."

ಸುಜಾತಾ ನನ್ನ ಕಡೆ ನೋಡಿದಳು. ಭಾಷಣದ ತಾರೀಖು ಬರೆದಿದ್ದ ಆಹ್ವಾನಪತ್ರಿಕೆ ಇನ್ನೂ ಮೇಜಿನ ಮೇಲಿತ್ತು. ಒಳಗೆ ಹೆಂಡತಿ ರಾಂಜಣಕ್ಕೆ ನೀರು ಚಿಮುಕಿಸುತ್ತಿದ್ದಳು. ವಾಸನೆ ಬಂತು, ಈ ಸಲ ನಾನು ನೆಪ ಹುಡುಕಲಿಲ್ಲ. ಟ್ರಂಕು ತೆಗೆದು ಹಳದಿ ಪಟ್ಟಿಯನ್ನು ಹೆಂಡತಿಯ ಕೈಗೆ ಕೊಟ್ಟು, ಎರಡು ಹೊಲಿಗೆ ಹಾಕಿಕೊಡು ಎಂದೆ. ಅವಳು ಸೂಜಿದಾರ ತಂದಳು.

"ಸುಜಾತಾ," ಎಂದೆ, "ಭಾಷಣ ಇರ್ಲಿ. ನಿನ್ನ ಗಾಡಿಯಾಗ ಔರಾದ ತನಕ ಜಾಗ ಅದ ಏನು?"