ಸಲೈನ್ ಗಂಟೆಯ ಬಾಡಿಗೆ

ನಾನು ವಾಯುಪಡೆಯ ಉಗ್ರಾಣದಲ್ಲಿ ದುಡಿದು ನಿವೃತ್ತನಾದವನು. ಅಲ್ಲಿ ಒಂದು ಸ್ಕ್ರೂ ಹೊರಗೆ ಹೋಗಬೇಕಾದರೂ ಸಹಿ ಬೇಕು, ಒಳಗೆ ಬರಬೇಕಾದರೂ ಸಹಿ ಬೇಕು. ಈ ಅಭ್ಯಾಸವನ್ನು ಜೆಪ್ಪುವಿನ ನಮ್ಮ ಮನೆಗೂ ತಂದು, ಅಡುಗೆಕೋಣೆಯ ಡಬ್ಬಿಗಳಿಗೆ ಚೀಟಿ ಅಂಟಿಸಲು ಶುರು ಮಾಡಿದೆ. ತಂಗಿಯ ಮಗಳ ಕಂಪನಿಗೆ ಒಬ್ಬ ಶಿಸ್ತಿನ ಮನುಷ್ಯನ ಅಗತ್ಯವಿದೆ ಎಂಬುದು ನನ್ನ ಹೆಂಡತಿಗೆ ಗೊತ್ತಾದದ್ದು ಅದೇ ವಾರ.

ಕಂಪನಿ ಇದ್ದದ್ದು ಬಿಜೈಯಲ್ಲಿ, ಬಸ್ ನಿಲ್ದಾಣದ ಹಿಂದಿನ ರಸ್ತೆಯ ಒಂದು ಹೊಲಿಗೆ ಅಂಗಡಿಯ ಮಹಡಿಯಲ್ಲಿ. ತಂಗಿಯ ಮಗಳು ಎಂಜಿನಿಯರ್. ಜೊತೆಗೆ ಬೆಸುಗೆ ಹಾಕುವ ಇಬ್ಬರು ಹುಡುಗಿಯರು. ಅವರು ತಯಾರಿಸುತ್ತಿದ್ದುದು ಆಸ್ಪತ್ರೆಯಲ್ಲಿ ಸಲೈನ್ ಬಾಟ್ಲಿ ನೇತುಹಾಕುವ ಒಂದು ಕೊಕ್ಕೆ. ಅದಕ್ಕೆ ಅಂಟಿಕೊಂಡ ಅಂಗೈಯಗಲದ ಪೆಟ್ಟಿಗೆ. ಬಾಟ್ಲಿಯ ತೂಕ ಇಳಿಯುತ್ತಾ ಬಂದು ಇನ್ನೇನು ಖಾಲಿಯಾಗುತ್ತದೆ ಎನ್ನುವಾಗ ಪೆಟ್ಟಿಗೆ ಗಂಟೆ ಹೊಡೆಯುತ್ತದೆ. ಅಷ್ಟೇ. ಈ 'ಅಷ್ಟೇ' ಎಂಬ ಮಾತನ್ನು ಅವಳೆದುರು ಆಡಬಾರದೆಂದು ಮೊದಲ ದಿನವೇ ಕಲಿತೆ.

ಅಷ್ಟಕ್ಕೇ ಅವಳು ಸಾಕಷ್ಟು ಸಾಲ ಮಾಡಿದ್ದಳು. ಗಂಟೆ ತಯಾರಿಸಲು ಆದ ಖರ್ಚು ಸಣ್ಣದು; ಅದು ಗಂಟೆಯೇ ಹೌದು ಎಂದು ಪ್ರಯೋಗಾಲಯದಿಂದ ಬರೆಸಿಕೊಳ್ಳಲು ಆದ ಖರ್ಚು ದೊಡ್ಡದು. ಪ್ರಮಾಣಪತ್ರ ಕೈಗೆ ಬರುವಷ್ಟರಲ್ಲಿ ಒಂದು ಬಿಡಿಭಾಗ ಮಾರುಕಟ್ಟೆಯಿಂದ ಮಾಯವಾಯಿತು. ಬೇರೆ ಹಾಕಿದಳು. ಬೇರೆ ಹಾಕಿದ್ದರಿಂದ ಮತ್ತೆ ಪರೀಕ್ಷೆ, ಮತ್ತೆ ಶುಲ್ಕ. ಇದಕ್ಕೆಲ್ಲ ಬ್ಯಾಂಕಿನಲ್ಲಿ ಅಡವಿಟ್ಟದ್ದು ಬಜಪೆಯ ಬಳಿಯ ಜಾಗ. ನಮ್ಮಲ್ಲಿ ಜಾಗ ಹೆಣ್ಣುಮಕ್ಕಳ ಕಡೆಯಿಂದ ಇಳಿದು ಬರುವುದು. ನನ್ನ ಅಮ್ಮನಿಂದ ತಂಗಿಗೆ, ತಂಗಿಯಿಂದ ಇವಳಿಗೆ. ಕಂತು ತಪ್ಪಿತ್ತು. ಮಾರ್ಚ್ ಒಳಗೆ ಆದಾಯದ ದಾರಿ ತೋರಿಸದಿದ್ದರೆ ಜಾಗ ಹರಾಜಿಗೆ ಎಂದು ಬ್ಯಾಂಕಿನವರು ಹೇಳಿದ್ದರು.

ಆರ್ಡರು ಬರಲಿಲ್ಲ. ಸನ್ಮಾನ ಬಂತು. ಈ ಊರಿನಲ್ಲಿ ಯಾರಾದರೂ ಹೊಸದೇನಾದರೂ ಮಾಡಿದರೆ ಅದನ್ನು ಕೊಳ್ಳುವವರಿಗಿಂತ ಮೊದಲು ಶಾಲು ಹೊದೆಸುವವರು ಬರುತ್ತಾರೆ. ಯುವ ಉದ್ಯಮಿ ಎಂದು ಒಂದು ಸಂಘ, ಮಹಿಳಾ ಸಾಧಕಿ ಎಂದು ಇನ್ನೊಂದು, ಸಮಾಜದ ಹೆಮ್ಮೆ ಎಂದು ನಮ್ಮದೇ ಜಾತಿಯವರು. ಪ್ರತಿ ಸಲವೂ ಶಾಲು, ಹಣ್ಣಿನ ಬುಟ್ಟಿ, ಗಾಜಿನ ಫಲಕ. ಹಣ್ಣನ್ನು ಹುಡುಗಿಯರಿಗೆ ಹಂಚಿದೆ. ಶಾಲುಗಳನ್ನು ಮಡಚಿ, ಬಂದ ಕ್ರಮದಲ್ಲೇ ಕಪಾಟಿನಲ್ಲಿ ಜೋಡಿಸಿದೆ. ಕಂಪನಿಯಲ್ಲಿ ಏರುತ್ತಿದ್ದ ದಾಸ್ತಾನು ಅದೊಂದೇ.

ಒಂದು ಖಾಸಗಿ ಆಸ್ಪತ್ರೆಯವರೂ ವಾರ್ಷಿಕೋತ್ಸವದಲ್ಲಿ ಅವಳನ್ನು ಸನ್ಮಾನಿಸಿದರು. ಆ ಶಾಲಿನ ಬಿಸಿ ಆರುವ ಮೊದಲೇ ನಾವಿಬ್ಬರೂ ಅವರ ಖರೀದಿ ಮ್ಯಾನೇಜರರ ಎದುರು ಹೋಗಿ ಕೂತೆವು. ಅವರು ಕೊಕ್ಕೆಯನ್ನು ಎರಡು ಕಡೆಯಿಂದ ನೋಡಿದರು.

"ಮಿಷನ್ ಒಳ್ಳೇದುಂಟು ಮೇಡಂ. ಆದರೆ ನಮ್ಮಲ್ಲಿ ಬೈಸ್ಟ್ಯಾಂಡರ್ ಇದ್ದಾರಲ್ಲ?"

ರೋಗಿಯ ಜೊತೆಗಿರುವ ಮನೆಯವರಿಗೆ ಇಲ್ಲಿನ ಆಸ್ಪತ್ರೆಗಳಲ್ಲಿ ಇರುವ ಹೆಸರು ಅದು. ಔಷಧ ತರುವುದು, ಬಿಲ್ಲು ಕಟ್ಟುವುದು, ಸಲೈನ್ ಬಾಟ್ಲಿ ಖಾಲಿಯಾಗುವುದನ್ನೇ ನೋಡುತ್ತಾ ಕೂತು ನರ್ಸಿನ ಬಳಿಗೆ ಓಡುವುದು, ಎಲ್ಲ ಅವರ ಕೆಲಸ.

"ಅವರಿಗೆ ನಿದ್ದೆ ಬಂದರೆ ಸರ್?" ಎಂದಳು ಇವಳು.

"ನಿದ್ದೆ ಬರ್ಲಿಕ್ಕೆ ನಾವು ಅವರಿಗೆ ಮಂಚ ಕೊಡುವುದಿಲ್ಲ ಅಲ್ವಾ?"

ವರ್ಷಗಟ್ಟಲೆ ಓದಿ, ಜಾಗ ಅಡವಿಟ್ಟು ಅವಳು ಪೈಪೋಟಿಗೆ ಇಳಿದದ್ದು ಬೇರೆ ಯಾವ ಕಂಪನಿಯ ಜೊತೆಗೂ ಅಲ್ಲ, ರೋಗಿಯ ಪಕ್ಕ ಕಾವಲು ಕೂತ ಅವನ ಭಾವನ ಜೊತೆಗೆ ಎಂಬುದು ನನಗೆ ಆಗ ಹೊಳೆಯಿತು. ಭಾವನಿಗೆ ಸಂಬಳವಿಲ್ಲ, ಪ್ರಮಾಣಪತ್ರ ಬೇಡ. ಹಾಳಾದರೆ ಮನೆಯಿಂದ ಇನ್ನೊಬ್ಬ ಬರುತ್ತಾನೆ.

ಕೊನೆಗೆ ಆರು ಯಂತ್ರಗಳನ್ನು ಒಂದು ತಿಂಗಳ ಮಟ್ಟಿಗೆ ಟ್ರಯಲ್ ಎಂದು ಇಟ್ಟುಕೊಂಡರು. ತಿಂಗಳು ಮುಗಿದಾಗ ಫೋನು ಮಾಡಿದೆ. ಟ್ರಯಲ್ ಚೆನ್ನಾಗಿ ನಡೆಯುತ್ತಿದೆ, ಮುಂದುವರಿಯಲಿ ಎಂದರು. ಇನ್ನೊಂದು ತಿಂಗಳು ಕಳೆದಾಗ ಇನ್ನೂ ಚೆನ್ನಾಗಿ ನಡೆಯುತ್ತಿತ್ತು. ಪುಕ್ಕಟೆ ಇರುವವರೆಗೆ ಅದು ಕೆಟ್ಟದಾಗಿ ನಡೆಯಲು ಕಾರಣವೇ ಇರಲಿಲ್ಲ. ಮಾರ್ಚ್ ಹತ್ತಿರವಾಗುತ್ತಿತ್ತು. ನಾನು ಒಂದು ಗೋಣಿಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡೆ.

"ಎಲ್ಲಿಗೆ ಮಾವ?"

"ಹೊರಗೆ ಕೊಟ್ಟ ಸಾಮಾನು ಒಳಗೆ ತರ್ಲಿಕ್ಕೆ."

"ಮಾವ, ಬೇಡ. ರಿಲೇಶನ್ ಹಾಳಾಗ್ತದೆ."

"ಎಂತ ರಿಲೇಶನ್ ಮಾರಾಯ್ತಿ? ಅವರು ನಿನಗೆ ಮದುವೆಗೆ ಹುಡುಗ ನೋಡ್ತಾ ಇದ್ದಾರಾ?"

ವಾರ್ಡಿನಲ್ಲಿ ನರ್ಸಮ್ಮನಿಂದ ಸಹಿ ತೆಗೆದುಕೊಂಡು ಒಂದೊಂದೇ ಯಂತ್ರ ಬಿಚ್ಚುತ್ತಾ ಹೋದೆ. ಐದು ಚೀಲಕ್ಕೆ ಬಂದವು. ಆರನೆಯದಕ್ಕೆ ಕೈ ಹಾಕಿದಾಗ ಮಂಚದ ಕೆಳಗಿನಿಂದ ಒಬ್ಬ ಹೆಂಗಸು ಎದ್ದು ಬಂದರು. ಅಲ್ಲಿ ಚಾಪೆ ಹಾಸಿ ಮಲಗಿದ್ದರು. ಮಂಚದ ಮೇಲಿದ್ದುದು ಅವರ ಅತ್ತೆ.

"ಅಂಕಲ್, ಅದನ್ನು ಎಂತಕ್ಕೆ ತೆಗಿತೀರಿ?"

"ಇದು ಕಂಪನಿಯದ್ದಮ್ಮ. ಅವಧಿ ಮುಗಿದಿದೆ."

"ನಿಮ್ಮ ಅವಧಿ ಮುಗಿದದ್ದು, ಅತ್ತೆಯ ಬಾಟ್ಲಿ ಮುಗಿಯಲಿಲ್ಲ. ಅದು ಬಂದ ಮೇಲೆಯೇ ನಾನು ಕಣ್ಣು ಮುಚ್ಚಿದ್ದು ಗೊತ್ತುಂಟಾ? ನನ್ನ ಗಂಡ ಪಾಳಿಗೆ ಕೂತರೆ ಬಾಟ್ಲಿಗಿಂತ ಮೊದಲು ಅವರೇ ಖಾಲಿಯಾಗ್ತಾರೆ. ದಿನಕ್ಕೆ ಬಾಡಿಗೆ ಎಷ್ಟು ಹೇಳಿ."

ಬಾಡಿಗೆ ಎಂಬ ಮಾತು ನಮ್ಮ ಕಂಪನಿಯಲ್ಲಿ ಅದುವರೆಗೆ ಯಾರ ಬಾಯಿಂದಲೂ ಬಂದಿರಲಿಲ್ಲ. ನಾನು ನರ್ಸಮ್ಮನ ಮುಖ ನೋಡಿದೆ.

"ನಂಗೆಂತ ತೊಂದರೆ ಇಲ್ಲ," ಎಂದರು ಆಕೆ. "ಪೇಷಂಟ್ ಪಾರ್ಟಿಯ ಸಾಮಾನು ಅಂತ ಬರಿತೇನೆ. ಫ್ಲಾಸ್ಕ್ ಇದ್ದ ಹಾಗೆ."

ರಶೀದಿ ಬರೆದುಕೊಟ್ಟೆ. ಪಕ್ಕದ ಮಂಚದವರು, ಅದರಾಚೆಯವರು ಕೈ ಚಾಚಿದರು. ಚೀಲ ಖಾಲಿಯಾಗಿ, ಅದನ್ನು ಮತ್ತೆ ಮಡಚಿ ಕಂಕುಳಲ್ಲಿಟ್ಟುಕೊಂಡು ಬಂದೆ.

ಆಸ್ಪತ್ರೆಯ ಗೇಟಿನ ಎದುರು ಚಾಪೆ, ದಿಂಬು, ಫ್ಲಾಸ್ಕ್ ಬಾಡಿಗೆಗೆ ಕೊಡುವ ಒಂದು ಅಂಗಡಿ ಇತ್ತು. ಅಂಗಡಿಯವರ ಜೊತೆ ಪಾಲು ಮಾತಾಡಿ, ನಮ್ಮ ಉಳಿದ ಯಂತ್ರಗಳನ್ನೂ ಅಲ್ಲಿ ಇಟ್ಟೆ. ತಂಗಿಯ ಮಗಳು ಬಂದು ನೋಡಿದಳು. ಒಂದು ಬದಿಯಲ್ಲಿ ಸುತ್ತಿಟ್ಟ ಚಾಪೆ, ಇನ್ನೊಂದು ಬದಿಯಲ್ಲಿ ಬಕೆಟ್ಟು, ನಡುವೆ ಅವಳ ಆವಿಷ್ಕಾರ.

"ನಾನು ಎಂ.ಟೆಕ್ ಮಾಡಿದ್ದು ಶಾಮಿಯಾನದ ಅಂಗಡಿ ಇಡ್ಲಿಕ್ಕಾ ಮಾವ?"

"ಶಾಮಿಯಾನದವನ ಜಾಗ ಹರಾಜಿಗೆ ಬಂದದ್ದು ನೀನು ಕೇಳಿದ್ದೀಯಾ?"

ಅವಳು ನನ್ನ ಜೊತೆ ಎರಡು ದಿನ ಮಾತು ಬಿಟ್ಟಳು. ಅಷ್ಟರಲ್ಲಿ ವಾರ್ಡಿನಲ್ಲಿ ಎ.ಸಿ. ಚಳಿ ಎಂದು ಗಿರಾಕಿಗಳು ಹೊದಿಕೆ ಕೇಳತೊಡಗಿದರು. ಕಪಾಟಿನ ಶಾಲುಗಳನ್ನು ಅಲ್ಲಿಗೆ ಸಾಗಿಸಿದೆ. ಯಂತ್ರ ಕೊಂಡೊಯ್ದವರಿಗೆ ಶಾಲು ಪುಕ್ಕಟೆ. ಒಂದು ಮಧ್ಯಾಹ್ನ ವಾರ್ಡಿಗೆ ಹೋದಾಗ, ಸಾಲು ಮಂಚಗಳ ಕೆಳಗೆ ಬೈಸ್ಟ್ಯಾಂಡರುಗಳು ಜರಿಯಂಚಿನ ಶಾಲು ಹೊದ್ದು ನಿದ್ದೆ ಮಾಡುತ್ತಿದ್ದರು. ಆ ಶಾಲುಗಳು ತಕ್ಕ ಹೆಗಲಿಗೆ ಹೋಗಿ ಸೇರಿದ್ದನ್ನು ಮೊದಲ ಸಲ ಕಂಡೆ.

ಬಾಡಿಗೆಯ ಹಣ ಗೇಟಿನ ಹೊರಗೆ ಹೋಗುತ್ತಿದೆ ಎಂಬ ಸುದ್ದಿ ಖರೀದಿ ಮ್ಯಾನೇಜರರ ಕಿವಿಗೂ ಬಿತ್ತು. ಅವರೇ ಕರೆದರು. ಈ ಸಲ ಚಹಾ ಕೂಡ ಬಂತು.

"ನಾವೇ ತೆಗೊಳ್ತೇವೆ ಮೇಡಂ, ಐವತ್ತು ಪೀಸು. ಬಿಲ್ಲಿಗೆ ಮಾನಿಟರಿಂಗ್ ಚಾರ್ಜ್ ಅಂತ ಸೇರಿಸ್ಲಿಕ್ಕೆ ಆಗ್ತದೆ. ಒಂದೇ ಒಂದು ಚಿಕ್ಕ ವಿಷಯ. ಸೌಂಡ್ ಬಂದ್ ಮಾಡುವ ಬಟನ್ ಬೇಕು. ಐವತ್ತು ಗಂಟೆ ಒಟ್ಟಿಗೆ ಹೊಡೆದರೆ ಓಡ್ಲಿಕ್ಕೆ ನಮ್ಮಲ್ಲಿ ಅಷ್ಟು ನರ್ಸ್‌ಗಳು ಇಲ್ಲ."

"ಗಂಟೆ ಹೊಡೆಯದಿದ್ರೆ ಅದು ಬರೀ ಕೊಕ್ಕೆ ಸರ್."

"ಬರೀ ಕೊಕ್ಕೆಗೆ ಇಷ್ಟು ರೇಟು ಬೇರೆ ಯಾರು ಕೊಡ್ತಾರೆ, ನೀವೇ ಯೋಚನೆ ಮಾಡಿ."

ಅವಳು ಯೋಚಿಸಿದಳು. ಆ ಕೋಣೆಯಲ್ಲಿ ಬಜಪೆಯ ಜಾಗ ಮೇಜಿನ ಮೇಲೆಯೇ ಇದ್ದಷ್ಟು ಸ್ಪಷ್ಟವಾಗಿ ನನಗೆ ಕಾಣುತ್ತಿತ್ತು. ಐವತ್ತು ಯಂತ್ರದ ಆರ್ಡರು ತೋರಿಸಿದರೆ ಬ್ಯಾಂಕು ಮರುಮಾತಾಡುವುದಿಲ್ಲ. ನಾನು ಚಹಾದ ಲೋಟ ಎತ್ತಿಕೊಂಡೆ.

"ಬಟನ್ ಹಾಕ್ಲಿಕ್ಕೆ ಆಗುವುದಿಲ್ಲ ಸರ್," ಎಂದು ಅವಳು ಎದ್ದಳು. ಚಹಾ ಮುಟ್ಟಿರಲಿಲ್ಲ. ನಾನು ನನ್ನದನ್ನು ಮುಗಿಸಿಯೇ ಎದ್ದೆ.

ಹೊರಗೆ ಬಂದವಳು ಸೀದಾ ಬಾಡಿಗೆ ಅಂಗಡಿಗೆ ಹೋಗಿ, ಬಕೆಟ್ಟುಗಳನ್ನು ಪಕ್ಕಕ್ಕೆ ಸರಿಸಿ, ಯಂತ್ರಗಳನ್ನು ಎದುರಿಗೆ ಜೋಡಿಸಿದಳು. "ಇನ್ನೂ ಎರಡು ಆಸ್ಪತ್ರೆಯ ಎದುರು ಇಂಥ ಅಂಗಡಿ ಉಂಟು ಮಾವ," ಎಂದಳು. ಮಾರ್ಚ್ ಬರುವ ಹೊತ್ತಿಗೆ ಮೂರೂ ಕಡೆ ನಮ್ಮ ಗಂಟೆಗಳು ಬಾಡಿಗೆಗೆ ಓಡುತ್ತಿದ್ದವು.

ರಶೀದಿಗಳ ಕಟ್ಟು ಹಿಡಿದು ಇಬ್ಬರೂ ಬ್ಯಾಂಕಿಗೆ ಹೋದೆವು. ಮ್ಯಾನೇಜರರು ನೋಡಿ ಮೆಚ್ಚಿಕೊಂಡರು, ಆಮೇಲೆ ಕಂಪ್ಯೂಟರಿನತ್ತ ತಿರುಗಿ ಮುಖ ಸಣ್ಣ ಮಾಡಿದರು.

"ಕಲೆಕ್ಷನ್ ಚೆನ್ನಾಗುಂಟು. ಆದರೆ ವೈದ್ಯಕೀಯ ಉಪಕರಣ ಅಂತ ಹಾಕಿದರೆ ಮೇಲಿನವರು ಆಸ್ಪತ್ರೆಯ ಆರ್ಡರ್ ಎಲ್ಲಿ ಅಂತ ಕೇಳ್ತಾರೆ. ಬಾಡಿಗೆ ವ್ಯಾಪಾರ ಅಂತ ಹಾಕಿದರೆ ಕಂತು ಸಣ್ಣ ಮಾಡಿ, ಅವಧಿ ಹೆಚ್ಚು ಮಾಡಿ ಕೊಡ್ಲಿಕ್ಕೆ ಆಗ್ತದೆ. ಜಾಗದ ತಂಟೆಗೆ ಯಾರೂ ಬರುವುದಿಲ್ಲ."

"ಹಾಗೇ ಹಾಕಿ ಸರ್," ಎಂದೆ.

"ಆದರೆ ಇದರಲ್ಲಿ ಬಾಡಿಗೆ ವ್ಯಾಪಾರ ಅಂದರೆ ಒಂದೇ ಸಾಲು ಬರ್ತದೆ." ಅವರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಶಾಮಿಯಾನ, ಕುರ್ಚಿ, ಪಾತ್ರೆ ಹಾಗೂ ಇತರೆ ಎಂದಿತ್ತು.

ಅವಳು ಅದನ್ನು ಓದಿದಳು. ನಾನು ಗೋಡೆಯ ಗಡಿಯಾರ ನೋಡತೊಡಗಿದೆ. ಅವಳೇ ಪೆನ್ನು ಕೇಳಿ, ತೋರಿಸಿದಲ್ಲೆಲ್ಲ ಸಹಿ ಹಾಕಿದಳು. ಮೆಟ್ಟಿಲು ಇಳಿಯುವಾಗ ಮೆಲ್ಲಗೆ ಕೇಳಿದಳು:

"ಮಾವ, ಬ್ಯಾಂಕಿನವರು ತಪಾಸಣೆಗೆ ಬಂದು ಕುರ್ಚಿ ಎಲ್ಲಿ ಅಂತ ಕೇಳಿದರೆ ಎಂತ ಹೇಳುವುದು?"

"ಆಫೀಸಿನಲ್ಲಿ ಐದು ಉಂಟು. ಬಂದವರನ್ನು ಅದರಲ್ಲೇ ಕೂರಿಸುವ."