ಅಣ್ಣನಿಗೆ ಕೊಡದ ನಂಬರು

೧೯೯೭ರಲ್ಲಿ, ಎಂಟನೆಯ ತರಗತಿಗೆ, ನಾನು ಶಾಲೆ ಬಿಟ್ಟೆ. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲ ಹೊರಲು ನಿಂತೆ. ಹಮಾಲಿಯಿಂದ ಗುಮಾಸ್ತನ ಮೇಜಿಗೆ ಬರಲು ಹನ್ನೆರಡು ವರ್ಷ ಹಿಡಿಯಿತು. ಯಾವ ರೈತನ ಚೀಲ ಯಾವ ಕೋಣೆಯಲ್ಲಿದೆ ಎಂದು ರಿಜಿಸ್ಟರ್ ತೆರೆಯದೆ ಹೇಳುತ್ತಿದ್ದೆ.

ಮಾಲೀಕರು ಕಂಪ್ಯೂಟರ್ ತಂದಾಗ, ಹೊರಗಿನವರು ಬೇಡ, ನಾನೇ ಕಲಿಯುತ್ತೇನೆ ಎಂದೆ. ಭಾನುವಾರಗಳಂದು ರಾಣೆಬೆನ್ನೂರಿನ ಕಂಪ್ಯೂಟರ್ ಕ್ಲಾಸಿಗೆ ಹೋದೆ. ಕಲಿಸುವ ಮೇಡಂ ನನಗಿಂತ ಎಷ್ಟೋ ಚಿಕ್ಕವರು. ಡೇಟಾಬೇಸ್ ಅಂದರೆ ದೊಡ್ಡ ರಿಜಿಸ್ಟರ್ ಅಂದುಕೊಂಡಿದ್ದೆ. ಅಲ್ಲ ಎಂದರು. ರೈತರದೊಂದು ಟೇಬಲ್, ಚೀಲಗಳದೊಂದು ಟೇಬಲ್. ರೈತನ ಹೆಸರು, ಊರು ಒಂದೇ ಕಡೆ ಒಂದೇ ಸಲ ಬರೆಯಬೇಕು. ಚೀಲದ ಸಾಲಿನಲ್ಲಿ ಅವನ ನಂಬರು ಮಾತ್ರ. ಆ ನಂಬರು ಇಬ್ಬರಿಗೆ ಇರಬಾರದು, ಎಂದೂ ಬದಲಾಗಬಾರದು.

ನಾನು ಅದಕ್ಕೆ ಮೊಬೈಲ್ ನಂಬರನ್ನೇ ಇಟ್ಟೆ.

"ಬ್ಯಾಡ್ರೀ, ಮನಿಮಂದಿಗೆಲ್ಲಾ ಒಂದ ಫೋನ್ ಇರತೈತಿ. ನೀವ ಒಬ್ಬೊಬ್ಬರಿಗೆ ಹೊಸಾ ನಂಬರ್ ಕೊಡ್ರಿ," ಎಂದರು ಮೇಡಂ.

"ನಮ್ಮ ರೈತರು ನನಗ ಗೊತ್ತಿಲ್ಲೇನ್ರೀ? ಹೆಂಡತಿ ಹೆಸರು ಮರತಾರು, ಫೋನ್ ನಂಬರ್ ಮರಿಯಂಗಿಲ್ಲ," ಎಂದೆ. ಕ್ಲಾಸೆಲ್ಲ ನಕ್ಕಿತು. ಗೆದ್ದೆ ಎನಿಸಿತು.

ಆ ಸುಗ್ಗಿಯಲ್ಲಿ ನಮ್ಮೂರು ಅಗಡಿಯಿಂದ ಅಣ್ಣ ಹದಿನಾಲ್ಕು ಚೀಲ ತಂದ. ಹಿಂದಿನ ವರ್ಷವಷ್ಟೇ ನಮ್ಮ ಹೊಲ ಪಾಲಾಗಿತ್ತು, ಒಂದು ಒರಟು ಮಾತೂ ಇಲ್ಲದೆ. ಅವನ ಬಳಿ ಫೋನ್ ಇರಲಿಲ್ಲ.

"ನಿಂದ ಹಾಕೋ ತಮ್ಮಾ. ನಂದು ನಿಂದು ಬ್ಯಾರೆ ಏನ?"

ಹಾಕಿದೆ. ನನ್ನ ಪಾಲಿನ ಆರು ಚೀಲ ಆ ನಂಬರಿನಲ್ಲಿ ಆಗಲೇ ಇದ್ದವು. ಹಳೆಯ ನಂಬರಾದ್ದರಿಂದ ಕಂಪ್ಯೂಟರ್ ಮತ್ತೆ ಹೆಸರು ಕೇಳಲಿಲ್ಲ. ಇಪ್ಪತ್ತೂ ನನ್ನ ಹೆಸರಿಗೆ ಸೇರಿದವು. ಕಣ್ಣಾರೆ ನೋಡಿದೆ. ಸರಿಮಾಡಬೇಕೆಂದರೆ ಇಡೀ ವಿನ್ಯಾಸವನ್ನೇ ಬದಲಿಸಬೇಕಿತ್ತು, ಮೇಡಂ ಹೇಳಿದ್ದೇ ಸರಿ ಎಂದು ಒಪ್ಪಬೇಕಿತ್ತು. ಆಮೇಲೆ ನೋಡೋಣ ಎಂದು ಬಿಟ್ಟೆ.

ಶ್ರಾವಣದಲ್ಲಿ ಅಣ್ಣ ಚೀಲ ಒಯ್ಯಲು ಬಂದ ದಿನ ನಾನು ಹಾವೇರಿಗೆ ಹೋಗಿದ್ದೆ. ಹೊಸ ಗುಮಾಸ್ತ ಕಂಪ್ಯೂಟರ್ ನೋಡಿ, "ನಿಮ್ಮ ಹೆಸರಿನ್ಯಾಗ ಒಂದೂ ಚೀಲ ಇಲ್ಲರೀ ಯಜಮಾನ್ರ. ಎಲ್ಲಾ ನಿಮ್ಮ ತಮ್ಮಂದ ಅಂತ ತೋರಸಾಕತ್ತೈತಿ," ಎಂದನಂತೆ.

"ತಮ್ಮ ಶಾಣ್ಯಾ ಅದಾನ ಬಿಡ್ರಿ," ಎಂದು ಹಿಂದೆ ನಿಂತವರು ನಕ್ಕರಂತೆ.

ನಾನು ಬರುವತನಕ ಅಣ್ಣ ಗೇಟಿನ ಬಳಿ ಕೂತಿದ್ದ.

"ಏನಿದು ತಮ್ಮಾ?" ಎಂದ, ಮೆತ್ತಗೆ.

ತಪ್ಪು ನನ್ನದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಮಾಲೀಕರು ನಿಂತಿದ್ದರು, ಹಮಾಲರು ನಿಂತಿದ್ದರು.

"ನಿನಗ ಒಂದು ಫೋನ್ ತಗೊಳ್ಳಾಕ ಆಗಂಗಿಲ್ಲೇನು? ಅದಕ್ಕ ಹಿಂಗಾಗೇತಿ," ಎಂದುಬಿಟ್ಟೆ.

ಅವನು ಎದ್ದು ಧೋತರ ಕೊಡವಿಕೊಂಡ. "ಆತು ಬಿಡಪಾ." ಹದಿನಾಲ್ಕು ಚೀಲ ಹೇರಿಸಿದೆ. ಅವನು ಎಣಿಸಲೂ ಇಲ್ಲ.

ಆ ವಾರವೇ ಡೇಟಾಬೇಸನ್ನು ಕೆಡವಿ ಹೊಸದಾಗಿ ಕಟ್ಟಿದೆ. ಪ್ರತಿ ರೈತನಿಗೂ ಅವನದೇ ನಂಬರು; ಫೋನಿಗೆ ಬೇರೆ ಕಾಲಮ್, ಖಾಲಿಯಿದ್ದರೂ ನಡೆಯುತ್ತದೆ. ಮೊದಲ ಸಾಲು ಅಣ್ಣನದು. ಮೂರು ಸಲ ಅಗಡಿಗೆ ಹೋಗಿ ತಪ್ಪೊಪ್ಪಿಕೊಂಡೆ. ಮೂರು ಸಲವೂ ಚಹಾ ಕೊಟ್ಟರು. "ಬರ್ರಿ, ಕುಂದ್ರಿ," ಎಂದ ಅಣ್ಣ, ಬೀಗರಿಗೆ ಹೇಳುವಂತೆ. ಅವನ ಮೆಣಸಿನಕಾಯಿ ಈಗ ಬೇರೆ ಸ್ಟೋರೇಜಿಗೆ ಹೋಗುತ್ತದೆ.

ಈಗ ನನ್ನ ಬಳಿ ಮೂರು ಕಂಪ್ಯೂಟರ್, ಕೈಕೆಳಗೆ ಇಬ್ಬರು ಗುಮಾಸ್ತರು, ಎರಡು ಎಕರೆ ಹೊಲ. ರೈತರ ಟೇಬಲ್ಲಿನಲ್ಲಿ ಎಂಟುನೂರ ಹನ್ನೊಂದು ಸಾಲು. ಅಣ್ಣ ಒಬ್ಬ. ಅವನ ನಂಬರಿಗೆ ಚೀಲ ಸೊನ್ನೆ.